ಮುಳ್ಳು ಕಾಣುವಷ್ಟು ಬೆಳಕು

ನಮ್ಮವ್ವನ ಮದುವೆ ಗೊತ್ತಾದಾಗ ತಾತ ಅವಳಿಗೊಂದು ಬೆಳ್ಳಿ ಡಾಬು ಮಾಡಿಸಬೇಕೆಂದಿದ್ದನಂತೆ. ಅವ್ವ ಡಾಬು ಬೇಡ, ರೇಡಿಯೋ ಬೇಕು ಅಂದಳು. ದುದ್ದದ ತವರುಮನೆಯಲ್ಲಿ ಆವತ್ತು ದೊಡ್ಡ ರಂಪವಾಯಿತಂತೆ. ಸೊಂಟಕ್ಕೆ ಏನೂ ಇಲ್ಲದೆ ಹೋದರೆ ಕೆರಗೋಡಿನ ಬೀಗರು ಏನಂದಾರು ಎಂದು ಅಜ್ಜಿ ಅತ್ತಳು. ಅವ್ವ ಮಾತ್ರ ಪಟ್ಟು ಬಿಡಲಿಲ್ಲ. "ಡಾಬು ಕಟ್ಕಂಡ್ರೆ ಊರೋರು ನೋಡ್ತಾರೆ. ರೇಡಿಯೋ ಇದ್ರೆ ನಾನು ಕೇಳ್ತೀನಿ" ಅಂದಳಂತೆ. ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಹೇಳುವಾಗೆಲ್ಲ ಅವಳ ಗದ್ದ ಸ್ವಲ್ಪ ಮೇಲಕ್ಕೇಳುತ್ತದೆ.

ಆ ರೇಡಿಯೋ ಈಗ ಮಂಡ್ಯದಲ್ಲಿ ನಮ್ಮಿಬ್ಬರ ಮನೆಯ ನಡುಮನೆಯಲ್ಲಿದೆ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಮತ್ತೆ ವಾಪಸ್ಸು, ಇದೇ ನನ್ನ ರೂಟು. ಗಂಡನ ಮನೆಯನ್ನು ನಾನೇ ಬಿಟ್ಟು ಬಂದೆ, ಅದು ಬೇರೆ ಕಥೆ. ಅಪ್ಪ ಹೋದ ಮೇಲೆ ಅವ್ವ ಕೆರಗೋಡಿನಿಂದ ನನ್ನ ಹತ್ತಿರ ಬಂದಳು. ಬರುವಾಗ ಬಟ್ಟೆಬರೆಯ ಗಂಟನ್ನು ಬಸ್ಸಿನ ಮೇಲೆ ಹಾಕಿಸಿ, ರೇಡಿಯೋವನ್ನು ಮಾತ್ರ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಅದು ವಾಲ್ವಿನ ಸೆಟ್ಟು, ಒಂದು ಸಣ್ಣ ಟ್ರಂಕಿನಷ್ಟು ದೊಡ್ಡದು. ಮರದ ಪೆಟ್ಟಿಗೆ, ಮುಂದೆ ಚಿನ್ನದ ಎಳೆಯ ಬಟ್ಟೆ, ಅದರ ಕೆಳಗೆ ಉದ್ದಕ್ಕೆ ಗಾಜಿನ ಡಯಲ್ಲು. ಗಾಜಿನ ಮೇಲೆ ಊರುಗಳ ಹೆಸರು ಇಂಗ್ಲಿಷಿನಲ್ಲಿ. ಹಿಂದೆ ಒಂದು ಪುಟ್ಟ ಬಲ್ಬು. ಸ್ವಿಚ್ಚು ತಿರುಗಿಸಿದರೆ ಮೊದಲು ಬೆಳಕು ಬರುತ್ತದೆ. ವಾಲ್ವು ಕಾದ ಮೇಲೆ ಎಲ್ಲಿಂದಲೋ ನಡೆದುಕೊಂಡು ಬಂದಂತೆ ನಿಧಾನವಾಗಿ ದನಿ ಬರುತ್ತದೆ.

ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮುಳ್ಳು ಗಾಜಿನ ಮೇಲೆ ಎಲ್ಲಿ ನಿಂತರೆ ಬೆಂಗಳೂರು, ಎಲ್ಲಿ ನಿಂತರೆ ತಮಿಳು, ಯಾವ ಮೂಲೆಗೆ ಹೋದರೆ ಬರೀ ಗೊರಗೊರ ಎಂದು ಜಾಗದ ಮೇಲೆಯೇ ಕಲಿತಿದ್ದಳು. ಹಾಗಾಗಿ ಅವಳಿಗೆ ಅಕ್ಷರ ಬೇಕಿರಲಿಲ್ಲ. ಮುಳ್ಳು ಕಂಡರೆ ಸಾಕಿತ್ತು.

ಆಮೇಲೆ ಕಣ್ಣು ಹೋಗಲು ಶುರುವಾಯಿತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಕಣ್ಣಿನ ನರ ಒಣಗುವ ಕಾಯಿಲೆ. ಅಕ್ಕಪಕ್ಕದ್ದೆಲ್ಲ ಕತ್ತಲಾಗಿ, ಪೈಪಿನೊಳಗಿಂದ ನೋಡಿದ ಹಾಗೆ ನಡುವೆ ಮಾತ್ರ ಒಂದಿಷ್ಟು ಉಳಿದಿದೆ ಎಂದು ಡಾಕ್ಟರು ಹೇಳಿದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಡ್ರಾಪ್ಸು ಹಾಕುತ್ತಿರಬೇಕು ಅಂದರು. ಅವ್ವ ಡ್ರಾಪ್ಸು ಹಾಕಿಸಿಕೊಂಡಳು, ಬೇರೇನನ್ನೂ ಬಿಡಲಿಲ್ಲ. ಸೊಪ್ಪು ಬಿಡಿಸುವುದು, ಕಾಫಿ ಕಾಯಿಸುವುದು, ರೇಡಿಯೋ ಹಾಕುವುದು ಎಲ್ಲ ಮೊದಲಿನಂತೆಯೇ ನಡೆಯಿತು. ಸುತ್ತ ಎಲ್ಲವೂ ಮಂಜಾಗಿದ್ದರೂ ಡಯಲ್ಲಿನ ಬೆಳಕು ಮಾತ್ರ ಅವಳಿಗೆ ಒಂದು ಕಿಟಕಿಯಂತೆ ಕಾಣುತ್ತಿತ್ತು. ಮುಖವನ್ನು ಗಾಜಿಗೆ ಹತ್ತಿರ ತಂದು, ಆ ಬೆಳಕಿನ ಮೇಲೆ ಹರಿಯುವ ಮುಳ್ಳನ್ನು ಹಿಡಿಯುತ್ತಿದ್ದಳು.

ಒಂದು ಸಂಜೆ ನಾನು ಡ್ಯೂಟಿ ಮುಗಿಸಿ ಬಂದರೆ ಮನೆ ಸುಮ್ಮನಿತ್ತು. ಅವ್ವ ರೇಡಿಯೋ ಮುಂದೆ ಕೈಕಟ್ಟಿಕೊಂಡು ಕೂತಿದ್ದಳು.

"ಕೆಟ್ಟೋಯ್ತು ಕಣಮ್ಮಿ" ಅಂದಳು.

ಸ್ವಿಚ್ಚು ತಿರುಗಿಸಿ ಕಾದೆ. ಚೆನ್ನಾಗಿಯೇ ಹಾಡು ಬಂತು. "ಕೆಟ್ಟಿಲ್ಲ ಕಣವ್ವ, ಒಳಗಿನ ದೀಪ ಓಯ್ತು ಅಷ್ಟೇ."

"ಮುಳ್ಳೇ ಕಾಣಾಕಿಲ್ಲ ಅಂದ್ಮೇಲೆ ಕೆಟ್ಟಂಗೆ ತಾನೆ?"

ಬೆಳಿಗ್ಗೆ ಹೊರಡುವ ಮುಂಚೆ ನಾನೇ ಬೆಂಗಳೂರಿಗೆ ತಿರುಗಿಸಿಟ್ಟು ಹೋಗುತ್ತೇನೆ, ನೀನು ಸ್ವಿಚ್ಚು ಹಾಕಿದರೆ ಸಾಕು ಅಂದೆ. ಅವಳಿಗೆ ಎಲ್ಲಿತ್ತೋ ಸಿಟ್ಟು.

"ನೀನು ಬರಗಂಟ ಒಂದೇ ಟೇಸನ್ನು ಕೇಳ್ಕಂಡು ಕೂತ್ಕಬೇಕಾ? ನಾನೇನು ಜೈಲ್ನಾಗಿದ್ದೀನಾ?"

ಮೊಬೈಲಿನಲ್ಲಿ ಹಾಕಿಕೊಡುತ್ತೇನೆ ಅಂದೆ. ಅವಳು ಆ ನುಣ್ಣನೆ ಗಾಜಿನ ಮೇಲೆ ಬೆರಳಾಡಿಸಿ, ಅದು ಎಲ್ಲೆಲ್ಲಿಗೋ ಹೋಗಿ, ನಮ್ಮ ಬಸ್ಸಿನ ಡ್ರೈವರಿಗೆ ಫೋನು ಹತ್ತಿತು. ಅವ್ವ ಮೊಬೈಲನ್ನು ನನ್ನ ಕೈಗೆ ವಾಪಸ್ ಕೊಟ್ಟಳು. "ನಂಗೆ ದೀಪ ತಂದ್ಕೊಡು" ಅಂದಳು. ಅಷ್ಟೇ ಅವಳ ಬೇಡಿಕೆ.

ಮದ್ದೂರಿನಲ್ಲಿ ನಮ್ಮ ಬಸ್ಸು ಟೀ ಕುಡಿಯುವಷ್ಟು ಹೊತ್ತು ನಿಲ್ಲುತ್ತದೆ. ಸ್ಟ್ಯಾಂಡಿನಿಂದ ಆಚೆ ಒಂದು ಗಲ್ಲಿಯಲ್ಲಿ ಒಬ್ಬ ಸಾಬರ ರಿಪೇರಿ ಅಂಗಡಿ ಇತ್ತು. ಮಿಕ್ಸಿ, ಫ್ಯಾನು, ಚಾರ್ಜರುಗಳ ರಾಶಿಯ ನಡುವೆ ಕೂರುತ್ತಿದ್ದ ವಯಸ್ಸಾದ ಮನುಷ್ಯ, ಬಿಳಿ ಗಡ್ಡ, ಹಣೆಯ ಮೇಲೆ ಭೂತಗನ್ನಡಿ. ವಾಲ್ವಿನ ಸೆಟ್ಟು ಬಿಚ್ಚಬಲ್ಲವರು ಈ ಕಡೆ ಅವರೊಬ್ಬರೇ ಎಂದು ಕೇಳಿದ್ದೆ. ಸುಟ್ಟ ಬಲ್ಬನ್ನು ತೋರಿಸಿದೆ.

"ಅರೆ ಅಮ್ಮ, ಇದೆಲ್ಲಿ ಸಿಕ್ತದೆ ಈಗ? ಮಾಡೋರೇ ಇಲ್ಲ" ಅಂದರು. ಆದರೂ ಎದ್ದು, ಒಂದು ಬಿಸ್ಕತ್ತಿನ ಡಬ್ಬಿ ತಡಕಾಡಿ, ತಳದಿಂದ ಒಂದನ್ನು ತೆಗೆದುಕೊಟ್ಟರು. "ಆಕ್ ನೋಡಿ. ಇದೇ ಕಡೇದು. ಇನ್ಮೇಲೆ ಬಂದು ನನ್ನ ಗಡ್ಡ ಎಳೆದ್ರೂ ಇಲ್ಲ."

ಅದು ಕೆಲವು ವಾರ ಉರಿದು ಸತ್ತಿತು. ನಾನು ಮತ್ತೆ ಹೋದೆ. ಅವರು ಗಡ್ಡ ನೀವಿಕೊಂಡರು. ಮಳವಳ್ಳಿಯಲ್ಲಿ ಹಳೇ ರೇಡಿಯೋ ಕೂಡಿಡುವ ಸಾಹೇಬರೊಬ್ಬರು ಇದ್ದಾರೆ, ಅವರ ಹತ್ತಿರ ಇಂಥ ಬಲ್ಬು ಇರಬಹುದು, ಕೇಳಿ ನೋಡಿ ಎಂದು ವಿಳಾಸ ಹೇಳಿದರು.

ಮಳವಳ್ಳಿಯ ಆ ಸಾಹೇಬರು ಯಾವುದೋ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರ ಹಾಲಿನ ಮೂರೂ ಗೋಡೆಗೆ ರೇಡಿಯೋಗಳು. ಒಂದರ ಮೇಲೂ ಧೂಳಿಲ್ಲ. ನಾನು ಒಳಗೆ ಹೋದಾಗ ಅವರು ಮೆತ್ತನೆಯ ಬ್ರಷ್ಷಿನಲ್ಲಿ ಒಂದು ಸೆಟ್ಟಿನ ಬಟ್ಟೆಯನ್ನು ಉಜ್ಜುತ್ತಿದ್ದರು, ಮಗುವಿನ ತಲೆ ಬಾಚುವ ಹಾಗೆ. ನನ್ನ ಖಾಕಿ ನೋಡಿಯೂ ಕೂರಿಸಿ ಕಾಫಿ ಕೊಡಿಸಿದರು. ಅವರನ್ನು ಕೆಟ್ಟವರೆಂದು ನಾನು ಈಗಲೂ ಹೇಳುವುದಿಲ್ಲ. ಮೊಬೈಲಿನಲ್ಲಿ ನಮ್ಮ ಸೆಟ್ಟಿನ ಫೋಟೋ ತೋರಿಸಿದೆ. ಅವರ ಕಣ್ಣು ಅರಳಿತು.

"ಇದು ಬಹಳ ಅಪರೂಪದ್ದು ಕಣಮ್ಮ. ಇದನ್ನು ನೀವಿನ್ನೂ ಉಪಯೋಗಿಸುತ್ತಿದ್ದೀರಾ?"

"ಉಪಯೋಗಿಸದೆ ಇನ್ನೇನು ಮಾಡಾನ ಸಾರ್? ನಮ್ಮವ್ವ ದಿನಾ ಕೇಳ್ತಾಳೆ."

ಅವರು ಹತ್ತಿಯಲ್ಲಿ ಸುತ್ತಿಟ್ಟ ಬಲ್ಬುಗಳ ಡಬ್ಬಿಯನ್ನು ತೆರೆದು ತೋರಿಸಿದರು. ನನಗೆ ಬೇಕಾದ್ದು ಅಲ್ಲಿತ್ತು. ಕೈ ಚಾಚಿದೆ. ಅವರು ಮುಚ್ಚಳ ಹಾಕಿದರು.

"ಇವು ನನ್ನ ಸೆಟ್ಟುಗಳಿಗೆ ಸಾಲದು. ನಿಮ್ಮದನ್ನು ನನ್ನ ಸಂಗ್ರಹಕ್ಕೆ ಕೊಡುವುದಾದರೆ ಅದಕ್ಕೂ ಒಂದು ಹಾಕುತ್ತೇನೆ. ಇಲ್ಲಿ ಜೋಪಾನವಾಗಿರುತ್ತದೆ. ನಿಮ್ಮ ತಾಯಿಗೆ ಒಂದು ಹೊಸ ರೇಡಿಯೋ ತೆಗೆದುಕೊಡೋಣ."

"ಅವಳಿಗೆ ಹೊಸ ರೇಡಿಯೋ ಬೇಡ ಸಾರ್, ದೀಪ ಬೇಕು."

"ಹಾಗಾದರೆ ದೀಪವಿಲ್ಲದೆಯೇ ಕೇಳಲಿ. ಆದರೆ ಒಂದು ಮಾತು, ಯಾರ ಮಾತನ್ನೋ ಕೇಳಿ ಎಲ್‌ಇಡಿ ಮಾತ್ರ ಹಾಕಿಸಬೇಡಿ. ಹಳೇ ದೇವಸ್ಥಾನಕ್ಕೆ ಬಾತ್‌ರೂಮ್ ಟೈಲ್ಸ್ ಹಾಕಿದ ಹಾಗಾಗುತ್ತದೆ."

ನಿಜ ಹೇಳಬೇಕೆಂದರೆ, ಎಲ್‌ಇಡಿ ಹಾಕಬಹುದು ಎಂಬ ಯೋಚನೆಯೇ ಅದುವರೆಗೆ ನನಗೆ ಬಂದಿರಲಿಲ್ಲ. ಬೇಡವೆಂದು ಹೇಳಿ ಅವರೇ ದಾರಿ ತೋರಿಸಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ಟಿಕೆಟ್ ಹರಿಯುತ್ತಾ ಹರಿಯುತ್ತಾ ನನಗೆ ಸಿಟ್ಟು ಏರುತ್ತಲೇ ಹೋಯಿತು. ಕೇಳಲು ಯಾರೂ ಇಲ್ಲದ ಸೆಟ್ಟುಗಳಿಗೆ ಬಲ್ಬು ಹತ್ತಿಯಲ್ಲಿ ಮಲಗಿರಬಹುದು, ಕಣ್ಣು ಕಾಣದವಳು ದಿನಾ ಕೇಳುವ ಸೆಟ್ಟಿಗೆ ಇಲ್ಲ! ಮದ್ದೂರು ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು.

ಸಾಬರು ಮಾತ್ರ ಒಪ್ಪಲಿಲ್ಲ. "ನನ್ ಕೈಲಿ ಮಾಡಿಸ್ಬೇಡಿ ಅಮ್ಮ. ಆ ಸಾಹೇಬ್ರೇ ನನಗೆ ವಾಲ್ವಿನ ಕೆಲ್ಸ ಕೊಡೋದು. ಒಂದ್ಸಲ ಬೇರೆಯೋರ ಸೆಟ್ಟಿಗೆ ಎಲ್‌ಇಡಿ ಆಕಿದ್ದೆ, ಎಂಥಾ ಬಯ್ಗುಳ ಅಂತೀರಿ!"

"ನಾನೇ ಮಾಡ್ಕತೀನಿ. ನೀವು ಸಾಮಾನು ಕೊಡಿ, ಮೇಜು ಕೊಡಿ."

"ನಿಮಗೆ ಬತ್ತದಾ?"

"ಬರಾಕಿಲ್ಲ. ಕಲ್ತ್ಕತೀನಿ."

ಅವರು ನಕ್ಕುಬಿಟ್ಟರು. ವಾರದ ರಜೆಯ ದಿನ ಸೆಟ್ಟನ್ನು ಆಟೋದಲ್ಲಿ, ಬಸ್ಸಿನಲ್ಲಿ ಹೊತ್ತು ತಂದು ಅವರ ಅಂಗಡಿಯ ಹಿಂದಿನ ಮೇಜಿನ ಮೇಲಿಟ್ಟೆ. ಹಿಂದಿನ ಹಲಗೆ ಬಿಚ್ಚುವ ಮೊದಲೇ ಅವರು ಕೂಗಿದರು. "ಪ್ಲಗ್ ಕಿತ್ರೂ ಒಳಗೆ ಕರೆಂಟು ಕೂತಿರ್ತದೆ! ನಾನು ಇಳಿಸ್ಕೊಡ್ತೀನಿ, ಆಮೇಲೆ ಮುಟ್ಟಿ." ಹಾಗೆ ಅದನ್ನು ಇಳಿಸಿಕೊಟ್ಟು, ಮಿಕ್ಸಿಯ ಮುಂದೆ ಹೋಗಿ ಬೆನ್ನು ತಿರುಗಿಸಿ ಕೂತರು. ಈ ಕೆಲಸದಲ್ಲಿ ತಮ್ಮ ಕೈ ಇಲ್ಲವೆಂದು ತೋರಿಸುವುದಕ್ಕೆ. ಆದರೆ ಬಾಯಿ ಮಾತ್ರ ನನ್ನ ಕಡೆಗೇ ಇತ್ತು.

ಮೊದಲು ಬಲ್ಬಿನ ಜಾಗಕ್ಕೆ ನೇರವಾಗಿ ಒಂದು ಎಲ್‌ಇಡಿಯನ್ನು, ಅದರ ಜೊತೆಗೆ ಕರೆಂಟು ತಗ್ಗಿಸುವ ಒಂದು ರೆಸಿಸ್ಟರನ್ನು ಕೂರಿಸಿದೆ. ಹತ್ತಿತು. ಹತ್ತಿದ ಖುಷಿಯಲ್ಲಿ ಮನೆಗೆ ಹೊತ್ತುಕೊಂಡು ಬಂದೆ. ಅವ್ವ ಗಾಜಿಗೆ ಮುಖ ಹಿಡಿದು ಮುಳ್ಳನ್ನು ಓಡಿಸಿ ಕಣ್ಣು ಮುಚ್ಚಿಕೊಂಡಳು. "ಮುಳ್ಳು ನಡುಗ್ತದೆ ಕಣಮ್ಮಿ. ಒಂದು ಓಗಿ ಮೂರು ಕಾಣ್ತವೆ. ತಲೆ ತಿರುಗ್ತದೆ."

ಮತ್ತೆ ರಜೆ ಬರುವ ತನಕ ಕಾದು, ಮತ್ತೆ ಹೊತ್ತುಕೊಂಡು ಮದ್ದೂರಿಗೆ ಹೋದೆ. ಸಾಬರು ಬೆನ್ನು ತಿರುಗಿಸಿಕೊಂಡೇ ಹೇಳಿದರು. "ಅಲ್ಲಿಗೆ ಬರೋ ಕರೆಂಟು ಅತ್ಲಾಗೆ ಇತ್ಲಾಗೆ ಓಡಾಡೋದು. ಹಳೇ ಬಲ್ಬಿಗೆ ಅದು ಪರವಾಗಿಲ್ಲ. ಎಲ್‌ಇಡಿ ಒಂದೇ ಕಡೆ ಓಗೋದ್ನ ಮಾತ್ರ ಒಪ್ತದೆ. ವಾಪಸ್ ಬರೋವಾಗ ಆರ್ತದೆ, ಮತ್ತೆ ಉರೀತದೆ. ಅದಕ್ಕೇ ನಡುಕ. ನಾಕು ಡಯೋಡು ಕಟ್ಟಿ, ಕರೆಂಟು ಒಂದೇ ಕಡೆ ಓಯ್ತದೆ. ಮುಂದೆ ಒಂದು ಕೆಪಾಸಿಟರ್ ಕೂರಿಸಿ, ನಡುಕ ನಿಲ್ತದೆ. ನೋಡಿ, ಆ ವೈರು ಚಾಸಿಗೆ, ಕೆಳಗಿನ ತಗಡಿಗೆ, ತಾಗ್ಬಾರ್ದು. ತಾಗಿದ್ರೆ ಟ್ರಾನ್ಸ್‌ಫಾರ್ಮರೇ ಓಯ್ತದೆ."

ನಾಲ್ಕು ಡಯೋಡನ್ನು ಚೌಕವಾಗಿ ಕಟ್ಟುವುದು ಬಾಯಲ್ಲಿ ಹೇಳುವಷ್ಟು ಸುಲಭವಿರಲಿಲ್ಲ. ಬೆಸುಗೆ ಕಡ್ಡಿ ತಾಗಿ ಕೈ ಸುಟ್ಟಿತು. ಒಂದನ್ನು ಉಲ್ಟಾ ಹಾಕಿ ಬಿಚ್ಚಿದೆ. ಸೀಸದ ಹೊಗೆಗೆ ಕಣ್ಣಲ್ಲಿ ನೀರು ಬಂತು. ಆದರೆ ಓಡುವ ಬಸ್ಸಿನಲ್ಲಿ ನಿಂತುಕೊಂಡು ಚಿಲ್ಲರೆ ಎಣಿಸುವ ಕೈ ಇದು, ಅಲುಗಾಡುವುದಿಲ್ಲ. ಕೊನೆಗೆ ಎರಡು ಎಲ್‌ಇಡಿಯನ್ನು ಜೋಡಿಸಿ ಸ್ವಿಚ್ಚು ಹಾಕಿದಾಗ ನಿಶ್ಚಲವಾದ ಬೆಳಕು ಬಂತು. ನಾನು ಬೇಕೆಂದೇ ಹಳದಿ ಬಣ್ಣದ ಎಲ್‌ಇಡಿ ಆರಿಸಿದ್ದೆ. ಡಯಲ್ಲು ನನ್ನ ಬಾಲ್ಯದ ಜೇನುತುಪ್ಪದ ಬಣ್ಣಕ್ಕೆ ತಿರುಗಿತು. ಸಾಬರೂ ತಿರುಗಿ ನೋಡಿ, "ವಾಹ್, ಗೊತ್ತೇ ಆಗಾಕಿಲ್ಲ!" ಅಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ವಾಪಸ್ ಬರುವ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿಗೂ ಹೇಳಿದೆ.

ಅವ್ವ ಗಾಜಿನ ಮುಂದೆ ಕೂತಳು. ಬಹಳ ಹೊತ್ತು ತಿರುಗಿಸಿದಳು. ಮುಳ್ಳು ಬೆಂಗಳೂರನ್ನು ದಾಟಿ ಹೋಯಿತು, ಮತ್ತೆ ವಾಪಸ್ ಬಂದು ಮತ್ತೆ ದಾಟಿತು.

"ಚೆಂದಾಗದೆ" ಅಂದಳು. ಆಮೇಲೆ, "ಮುಳ್ಳು ಕಾಣಾಕಿಲ್ಲ" ಅಂದಳು.

"ಮೊದ್ಲು ಇಂಗೇ ತಾನೆ ಇದ್ದದ್ದು?"

"ಮೊದ್ಲು ನನ್ ಕಣ್ಣೂ ಇಂಗಿರಲಿಲ್ಲ. ಅಳದಿ ಮೇಲೆ ಕೆಂಪು ಮುಳ್ಳು ಕರಗೋಯ್ತದೆ. ನಮ್ಮನೆ ಟ್ಯೂಬ್‌ಲೈಟ್ ಐತಲ್ಲ, ಅಂಥ ಬೆಳ್ಳನೆ ಬೆಳಕು ಆಕು. ಮುಳ್ಳಿಗೆ ಕಪ್ಪು ಬಳಿ."

ನಾನು ಒಪ್ಪಲಿಲ್ಲ. ಒಪ್ಪಲಿಲ್ಲ ಅನ್ನುವುದಕ್ಕಿಂತ, ನನಗೆ ಸಂಕಟವಾಯಿತು. ಆ ಬಣ್ಣಕ್ಕಾಗಿ ನಾನು ಬೆರಳು ಸುಟ್ಟುಕೊಂಡಿದ್ದೆ. ಅವಳ ತೊಡೆಯ ಮೇಲೆ ಮಲಗಿ ನೋಡಿದ ಬೆಳಕು ಅದು. ಟ್ಯೂಬ್‌ಲೈಟ್ ಬೆಳಕು ಹಾಕಿದರೆ ರೇಡಿಯೋ ಮೆಡಿಕಲ್ ಸ್ಟೋರಿನ ಬೋರ್ಡಿನ ಹಾಗೆ ಕಾಣುತ್ತದೆ ಅಂದೆ.

"ಕಾಣ್ಲಿ. ಚೆಂದ ನಿಂಗೆ ಬೇಕು. ನಂಗೆ ಮುಳ್ಳು ಬೇಕು. ರೇಡಿಯೋ ಯಾರ್ದು?"

ಸೆಟ್ಟಿಗೆ ಮತ್ತೆ ಕಂಬಳಿ ಸುತ್ತಿದೆ. ಮತ್ತೆ ಮದ್ದೂರು. ಬಿಳಿ ಎಲ್‌ಇಡಿ ಹಾಕಿದಾಗ ಡಯಲ್ಲಿನ ಹಿಂದಿದ್ದ ಕಾಗದದ ಬಣ್ಣ ಬಯಲಾಯಿತು. ಹಳೇ ಬಲ್ಬಿನ ಬಿಸಿಗೆ ವರ್ಷಗಟ್ಟಲೆ ಬೆಂದು ಅದು ದೋಸೆಯ ತಳದಂತೆ ಕಂದಿಹೋಗಿತ್ತು. ಅದನ್ನು ಕಿತ್ತು, ನನ್ನ ಬ್ಯಾಗಿನಲ್ಲಿದ್ದ ಟಿಕೆಟ್ ರೋಲಿನ ಬಿಳಿ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಅಂಟಿಸಿದೆ. ಆ ಕಾಗದ ಬಿಸಿ ತಾಗಿದರೆ ಕಪ್ಪಾಗುವಂಥದ್ದು. ಹಳೇ ಬಲ್ಬಿದ್ದಿದ್ದರೆ ಒಂದೇ ಸಂಜೆಗೆ ಹಾಳಾಗುತ್ತಿತ್ತು. ಎಲ್‌ಇಡಿ ಬಿಸಿಯೇ ಆಗುವುದಿಲ್ಲವಾದ್ದರಿಂದ ಇವತ್ತಿಗೂ ಬೆಳ್ಳಗೇ ಇದೆ. ಮುಳ್ಳಿಗೆ ಕಪ್ಪು ನೇಲ್ ಪಾಲಿಶ್ ಬಳಿದೆ. ಅದನ್ನು ಬಳಿಯುವಾಗ ಮಾತ್ರ ಸಾಬರು ನನ್ನ ಕಡೆ ನೋಡಲಾಗದೆ ಬಾಗಿಲಿಗೆ ಹೋಗಿ ನಿಂತರು.

ಮನೆಗೆ ತಂದು ಹಾಕಿದೆ. ನಡುಮನೆಯಲ್ಲಿ ಆಸ್ಪತ್ರೆಯ ಬೆಳಕು. ಅವ್ವ ಮುಖ ಹತ್ತಿರ ತಂದಳು, ಗುಬುಟು ತಿರುಗಿಸಿದಳು, ಮುಳ್ಳು ಸೀದಾ ಹೋಗಿ ಬೆಂಗಳೂರಿನ ಮೇಲೆ ನಿಂತಿತು. ಅಲ್ಲಿಂದ ತಮಿಳು. ಅಲ್ಲಿಂದ ಗೊರಗೊರ. ಮತ್ತೆ ಬೆಂಗಳೂರು. ಅವಳು ಅತ್ತಿಂದಿತ್ತ ಓಡಿಸುತ್ತಲೇ ಇದ್ದಳು. ನಾನು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ. ಅಲ್ಲಿ ನಿಂತು ಸ್ವಲ್ಪ ಅತ್ತೆ, ಖುಷಿಗೋ ಆ ಹಳದಿ ಬಣ್ಣ ಹೋಯಿತೆಂದೋ ನನಗೇ ತಿಳಿಯಲಿಲ್ಲ.

ಕೆಲವು ತಿಂಗಳಾದ ಮೇಲೆ ಮಳವಳ್ಳಿಯ ಸಾಹೇಬರಿಂದ ಫೋನು ಬಂತು. ಅಲ್ಲಿನ ಒಂದು ಸಮುದಾಯ ಭವನದಲ್ಲಿ ಹಳೇ ರೇಡಿಯೋಗಳ ಪ್ರದರ್ಶನ ಇಡುತ್ತಿದ್ದಾರಂತೆ. ನಮ್ಮ ಸೆಟ್ಟನ್ನು ಒಂದು ದಿನದ ಮಟ್ಟಿಗೆ ತರಬೇಕು, ಅದನ್ನು ಕೇಳುವ ನಿಮ್ಮ ತಾಯಿಯೂ ಬರಲಿ ಅಂದರು. ಎಲ್‌ಇಡಿ ಹಾಕಿದ್ದೇನೆ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ನೋಡಲಿ ಬಿಡು ಅನ್ನಿಸಿತು. ಅವ್ವ ಅಂತೂ ಆಗಲೇ ಯಾವ ಸೀರೆ ಎಂದು ಕೇಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಮಂಡ್ಯದಿಂದ ಹೊರಟೆವು. ರೇಡಿಯೋಗೆ ಕಂಬಳಿ, ಅವ್ವನಿಗೆ ರೇಷ್ಮೆ ಸೀರೆ. ಭವನದೊಳಗೆ ಉದ್ದದ ಮೇಜುಗಳ ಮೇಲೆ ಬಿಳಿ ಬಟ್ಟೆ, ಸಾಲಾಗಿ ಸೆಟ್ಟುಗಳು, ಪ್ರತಿಯೊಂದರ ಮುಂದೆ 'ಮುಟ್ಟಬೇಡಿ' ಎಂಬ ಚೀಟಿ. ಅಷ್ಟು ರೇಡಿಯೋ ಇದ್ದರೂ ಎಲ್ಲೂ ಸದ್ದಿಲ್ಲ. ಸಾಹೇಬರು ಖುಷಿಯಿಂದ ಬಂದು ಅವ್ವನಿಗೆ ಕೈಮುಗಿದು, ನಮ್ಮ ಸೆಟ್ಟನ್ನು ನಡುವಿನ ಮೇಜಿನ ಮೇಲೇ ಇಡಿಸಿದರು. ಅವ್ವ ಕೈಯಾಡಿಸಿ ಪ್ಲಗ್ಗು ಹುಡುಕಿದಳು. ನಾನು ಚುಚ್ಚಿದೆ.

ಬೆಳಕು ಬಂದದ್ದೇ ತಡ, ಸಾಹೇಬರ ಮುಖ ಕಂದಿತು.

"ಇದೇನಮ್ಮ ಇದು? ನಾನು ಅಷ್ಟು ಹೇಳಿದ್ದೆ! ಮುಳ್ಳಿಗೂ ಬಣ್ಣ ಹೊಡೆದಿದ್ದೀರಾ?" ದನಿ ಏರಿತು. ಅಕ್ಕಪಕ್ಕದವರು ತಿರುಗಿದರು. "ಇಂಥ ಸೆಟ್ಟು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಹಾಳು ಮಾಡಿಬಿಟ್ಟಿರಲ್ಲ!"

ಅವ್ವ ದನಿ ಬಂದ ಕಡೆ ಮುಖ ತಿರುಗಿಸಿದಳು. "ಆಳಾಗಿಲ್ಲ ಸಾಮಿ, ಕೇಳಿ, ಆಡ್ತದೆ."

"ಹಾಡುವುದು ಬೇರೆ ವಿಷಯ ತಾಯಿ. ಇಲ್ಲಿ ಬಂದವರು ಅಸಲಿ ಹೇಗಿತ್ತು ಅಂತ ನೋಡಬೇಕು." ಸ್ವಲ್ಪ ತಣ್ಣಗಾಗಿ, "ಹೋಗಲಿ, ಲೈಟು ಆರಿಸಿಬಿಡಿ. ಆರಿಸಿದರೆ ಗೊತ್ತಾಗುವುದಿಲ್ಲ. ಸೆಟ್ಟು ಇಲ್ಲೇ ಇರಲಿ" ಅಂದರು.

"ಆರ್ಸೋ ಅಂಗಿದ್ರೆ ನಾನ್ಯಾಕೆ ಇಷ್ಟು ದೂರ ಬರ್ಲಿ?"

"ಹಾಗಾದರೆ ಮೇಜಿನ ಮೇಲೆ ಇಡಲಾಗುವುದಿಲ್ಲ."

"ಇಡ್ಬೇಡಿ. ಎತ್ಕಳಮ್ಮಿ" ಅಂದಳು ಅವ್ವ.

ಎತ್ತಿಕೊಂಡೆ. ಭವನದ ಜಗಲಿಗೆ ಬಂದರೆ ಅಲ್ಲೊಂದು ಪ್ಲಗ್ಗು ಇತ್ತು. ಎರಡು ಪ್ಲಾಸ್ಟಿಕ್ ಕುರ್ಚಿ ಎಳೆದು, ಒಂದರ ಮೇಲೆ ರೇಡಿಯೋ, ಇನ್ನೊಂದರ ಮೇಲೆ ಅವ್ವ. ಅವಳು ಗಾಜಿಗೆ ಮುಖವಿಟ್ಟು ತಿರುಗಿಸಿದಳು. ಹಾಡು ಬಂತು. ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಿದ್ದವರು ಅಲ್ಲೇ ನಿಂತರು. ಒಳಗಿದ್ದವರಲ್ಲಿ ಕೆಲವರು ಹೊರಗೆ ಬಂದರು. ಚಿಕ್ಕರಸಿನಕೆರೆಯಿಂದ ಬಂದಿದ್ದ ಒಬ್ಬ ಹೆಂಗಸು ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತು, "ನಮ್ಮತ್ತೆದೂ ಇಂಥದ್ದೇ ಒಂದು ಅಟ್ಟದ ಮ್ಯಾಲೆ ಬಿದ್ದದೆ. ದೀಪ ಓಯ್ತು ಅಂತ್ಲೇ ಎತ್ತಿಟ್ಟದ್ದು. ಎಲ್ಲಿ ಆಕ್ಸುದ್ರಿ ಇದ್ನ?" ಎಂದು ಕೇಳಿದಳು. ನಾನು ಮದ್ದೂರಿನ ಗಲ್ಲಿ ಹೇಳಬೇಕೆನ್ನುವಷ್ಟರಲ್ಲಿ ಬೆಳಕೂ ಹಾಡೂ ಒಟ್ಟಿಗೆ ನಿಂತುಹೋದವು.

"ಕರೆಂಟ್ ಓಯ್ತಾ?" ಎಂದಳು ಅವ್ವ.

ಒಳಗೆ ಫ್ಯಾನು ತಿರುಗುತ್ತಿತ್ತು. ಭವನದ ನೌಕರ ಸ್ವಿಚ್ ಬೋರ್ಡಿನ ಹತ್ತಿರ ನಿಂತು ಬೇರೆಲ್ಲೋ ನೋಡುತ್ತಿದ್ದ. ಯಾರು ಹೇಳಿ ಸ್ವಿಚ್ಚು ತೆಗೆಸಿದರೆಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. "ಓಗಿಲ್ಲ ಕಣವ್ವ, ತೆಗ್ದವ್ರೆ" ಅಂದೆ.

ನನಗೆ ಅವಳನ್ನು ಇಲ್ಲಿಗೆ ಕರೆತಂದದ್ದೇ ತಪ್ಪಾಯಿತು ಅನ್ನಿಸಿತು. ಅಷ್ಟರಲ್ಲಿ ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. "ಎದ್ರುಗಡೆಯಿಂದ ದೋಸೆ ವಾಸ್ನೆ ಬತ್ತಾದೆ. ಓಟ್ಲು ತಾನೆ ಅದು? ಅಲ್ಲಿ ಕರೆಂಟಿರ್ತದೆ. ನಡಿ."

ರಸ್ತೆ ದಾಟಿದೆವು. ನಾನು ರೇಡಿಯೋ ಹೊತ್ತು ಮುಂದೆ, ಚಿಕ್ಕರಸಿನಕೆರೆಯ ಹೆಂಗಸು ಅವ್ವನ ಕೈ ಹಿಡಿದುಕೊಂಡು ಹಿಂದೆ, ಅವರ ಹಿಂದೆ ಒಂದಷ್ಟು ಜನ. ಹೋಟೆಲ್ಲಿನವನು ಗಾಬರಿಯಾಗಿ, "ಏನ್ರಮ್ಮ ಇದು, ಮೆರವಣಿಗೆ?" ಅಂದ.

"ರೇಡಿಯೋ ಆಕ್ಬೇಕು ಕಣಪ್ಪ, ಒಂದು ಪ್ಲಗ್ಗು ತೋರ್ಸು" ಅಂದಳು ಅವ್ವ.

ಅವನು ಗ್ರೈಂಡರಿನ ಪ್ಲಗ್ಗು ಕಿತ್ತುಕೊಟ್ಟ. ಮೂಲೆಯ ಮೇಜಿನ ಮೇಲೆ ರೇಡಿಯೋ ಇಟ್ಟೆವು. ವಾಲ್ವು ಇನ್ನೂ ಬೆಚ್ಚಗಿದ್ದುದರಿಂದ ದನಿ ಬೇಗ ಬಂತು. ಅವ್ವ ಸ್ಟೇಷನ್ನು ಹಿಡಿದು, ಗುಬುಟಿನಿಂದ ಕೈ ತೆಗೆದು, "ನಂಗೊಂದು ಮಸಾಲೆ ದೋಸೆ" ಅಂದಳು. ಅವತ್ತು ನಾವು ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದೆವು. ಬಂದವರು ದೋಸೆ ತಿನ್ನುತ್ತಾ ಕೇಳಿದರು. ಯಾರೋ ವಯಸ್ಸಾದವರು ಮುಟ್ಟಬಹುದಾ ಎಂದು ಕೇಳಿದಾಗ ಅವ್ವ, "ಮುಟ್ಟಿ, ತಿರುಗ್ಸಿ, ಮುಳ್ಳು ಕಾಣ್ತದಾ ನೋಡಿ" ಅಂದಳು. ಅವರು ಕನ್ನಡಕ ತೆಗೆದು ನೋಡಿ, "ಓ, ಚೆನ್ನಾಗಿ ಕಾಣ್ತದೆ" ಅಂದರು.

ಸಾಹೇಬರೂ ಒಮ್ಮೆ ಹೋಟೆಲ್ಲಿನ ಬಾಗಿಲಿಗೆ ಬಂದರು. ನಾನು ಎದ್ದು ನಿಂತೆ. ಅವರು ಅವ್ವನನ್ನು ನೋಡಲಿಲ್ಲ, ರೇಡಿಯೋವನ್ನೇ ನೋಡಿದರು.

"ನಾಳೆ ಇದನ್ನೇ ಎಲ್ಲರೂ ಮಾಡುತ್ತಾರೆ. ಹಳೇದು ಅಂತ ಒಂದೂ ಉಳಿಯುವುದಿಲ್ಲ, ತಿಳೀತಾ?" ಅಂದರು. ಆ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚು ನೋವಿತ್ತು. ಅದು ನನಗೆ ಅರ್ಥವಾಗಲಿಲ್ಲ ಅಂತಲ್ಲ. ಹಳದಿ ಬೆಳಕು ಹೋದಾಗ ನನಗೂ ಹಾಗೇ ಆಗಿತ್ತು.

"ಹಳೇ ಬಲ್ಬು ಒಂದು ಕೊಟ್ಟಿದ್ರೆ ನಾನು ಎಲ್‌ಇಡಿ ಕಡೆ ಓಯ್ತಿರ್ಲಿಲ್ಲ ಸಾರ್" ಅಂದೆ. "ನೀವು ಕೊಡ್ಲಿಲ್ಲ. ಈಗ ಅವಳಿಗೆ ಇದೇ ಬೇಕು. ನೀವು ಡಬ್ಬಿ ತುಂಬ ತಂದು ಸುರಿದ್ರೂ ನಾನು ಇದ್ನ ತೆಗೆಯಾಕಿಲ್ಲ."

ಅವರು ರಸ್ತೆ ದಾಟಿ ವಾಪಸ್ ಹೋದರು.

ಅದಾದ ಮೇಲೆ ಮದ್ದೂರಿನ ಸಾಬರಿಗೆ ಅವರು ಕೆಲಸ ಕೊಡುವುದನ್ನು ನಿಲ್ಲಿಸಿದರು. ನನ್ನಿಂದ ಹೀಗಾಯಿತಲ್ಲ ಎಂದು ಹೋಗಿ ಹೇಳಿದರೆ, ಸಾಬರು ಭೂತಗನ್ನಡಿ ಮೇಲೆತ್ತಿ, "ಓಗ್ಲಿ ಬುಡಿ ಅಮ್ಮ. ಅವ್ರು ಒಬ್ರು ಓದ್ರು, ಆ ಕಡೆ ನೋಡಿ" ಅಂದರು. ಮಿಕ್ಸಿಗಳ ಪಕ್ಕದಲ್ಲಿ ಅಟ್ಟದಿಂದ ಇಳಿದು ಬಂದ ರೇಡಿಯೋಗಳು ಒಂದರ ಮೇಲೊಂದು ಕೂತಿದ್ದವು. ಚಿಕ್ಕರಸಿನಕೆರೆಯ ಅತ್ತೆಯದೂ ಅಲ್ಲಿತ್ತು. ಈಗ ಅವರು ಬೆನ್ನು ತಿರುಗಿಸಿ ಕೂರುವುದಿಲ್ಲ. ಹಳದಿಯೋ ಬಿಳಿಯೋ ಎಂದು ಮೊದಲೇ ಕೇಳುತ್ತಾರೆ. ಬಿಳಿ ಅಂದವರ ಮನೆಯಲ್ಲಿ ಯಾರಿಗೋ ಕಣ್ಣು ಮಂಜು ಎಂದು ಅವರಿಗೆ ತಿಳಿಯುತ್ತದಂತೆ. ಕೆಲವರಿಗೆ ಅವರು ಎಲ್‌ಇಡಿ ಹಾಕುವುದಿಲ್ಲ. ಆ ಸೆಟ್ಟುಗಳಲ್ಲಿ ಬಲ್ಬು ವಾಲ್ವುಗಳ ಜೊತೆ ಒಂದೇ ಸರಪಳಿಯಲ್ಲಿ ಕೂತಿರುತ್ತದೆ, ಅದನ್ನು ಮುಟ್ಟಿದರೆ ಇಡೀ ರೇಡಿಯೋ ಸುಮ್ಮನಾಗುತ್ತದೆ ಎಂದು ಹೇಳಿ ವಾಪಸ್ ಕಳಿಸುತ್ತಾರೆ.

ಸಾಹೇಬರು ಆಗೊಮ್ಮೆ ಈಗೊಮ್ಮೆ ಮಳವಳ್ಳಿಯಲ್ಲಿ ನನ್ನ ಬಸ್ಸು ಹತ್ತುತ್ತಾರೆ. ಟಿಕೆಟ್ ಕೊಡುತ್ತೇನೆ, ತೆಗೆದುಕೊಳ್ಳುತ್ತಾರೆ. ಒಮ್ಮೆ ಕಿಟಕಿಯ ಕಡೆ ನೋಡುತ್ತಲೇ, "ನಿಮ್ಮ ತಾಯಿ ಹೇಗಿದ್ದಾರೆ?" ಎಂದರು. ಚೆನ್ನಾಗಿದ್ದಾಳೆ ಅಂದೆ. ರೇಡಿಯೋ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ತಮ್ಮ ಮಾತು ಬಿಟ್ಟಿಲ್ಲ. ನಾನೂ ನನ್ನದನ್ನು ಬಿಡುವವಳಲ್ಲ.

ಚೆನ್ನಾಗಿದ್ದಾಳೆ ಅಂದದ್ದು ಪೂರ್ತಿ ನಿಜವಲ್ಲ. ಅವ್ವನ ಎಡಗಣ್ಣು ಈಗ ಪೂರಾ ಹೋಗಿದೆ. ಬಲಗಣ್ಣಿನ ಪೈಪು ಇನ್ನೂ ಕಿರಿದಾಗಿದೆ. ಅದೂ ಮುಚ್ಚಬಹುದು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅವ್ವ ಒಳಗಿನಿಂದಲೇ, "ಏನಿದ್ರೂ ಇಲ್ಲೇ ಏಳಿ ಡಾಕ್ಟ್ರೆ, ಕಿವಿ ಚೆಂದಾಗವೆ" ಎಂದು ಕೂಗಿದಳು. ಅವರು ಒಳಗೆ ಬಂದು ಹೇಳಿದರು. ಅವಳು ತಲೆಯಾಡಿಸಿದಳು.

ಹೋದ ತಿಂಗಳು ನಾನು ಬಟ್ಟೆ ಅಂಗಡಿಯಿಂದ ಪುಟ್ಟ ಮಣಿಗಳನ್ನು ತಂದೆ. ಗಾಜಿನ ಕೆಳಗೆ ಬೆಂಗಳೂರಿಗೊಂದು, ತಮಿಳಿಗೊಂದು ಅಂಟಿಸಿ, ಮುಳ್ಳಿಗೆ ಒಂದು ಕಡ್ಡಿ ಕಟ್ಟಿ ಹೊರಗೆ ತಂದರೆ ಬೆರಳಲ್ಲೇ ಹುಡುಕಬಹುದು ಎಂದು ಲೆಕ್ಕ ಹಾಕಿದ್ದೆ. ಮಣಿಗಳನ್ನು ಅವಳ ಅಂಗೈಗೆ ಹಾಕಿ ವಿಷಯ ಹೇಳಿದೆ.

ಅವಳು ಒಂದೊಂದನ್ನೇ ಹೊರಳಿಸಿ ನೋಡಿ, ನನ್ನ ಕೈಗೇ ವಾಪಸ್ ಸುರಿದಳು. "ಕಾಣ್ದೆ ಓದಾಗ ನೋಡ್ಕಳಾನ. ಈಗ್ಲೇ ಯಾಕೆ ಅಂಟಿಸ್ತೀಯ? ಒಂದು ದೀಪ ಜಾಸ್ತಿ ಆಕು."

ಆ ರಜೆಗೆ ಇನ್ನೊಂದು ಜೊತೆ ಎಲ್‌ಇಡಿ ಹಾಕಿದೆ. ಈಗ ನಡುಮನೆಯ ಟ್ಯೂಬ್‌ಲೈಟ್ ಆರಿಸಿದರೂ ಗೋಡೆಯ ಕ್ಯಾಲೆಂಡರ್ ಓದಬಹುದು, ಅಷ್ಟು ಬೆಳಕು. ಪಕ್ಕದ ಮನೆಯವಳು ಬಂದು, ಇದೇನು ರೇಡಿಯೋವೋ ಫ್ರಿಜ್ಜೋ ಎಂದು ನಕ್ಕು ಹೋದಳು. ಅವ್ವ ಬಲಗಣ್ಣನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದು, ಗುಬುಟನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ವಾರ್ತೆಯ ದನಿಯನ್ನು ನೆಟ್ಟಗೆ ಮಾಡಿದಳು.